ವೆಬ್‌ಸೈಟ್ ವಿನ್ಯಾಸ: ಕಾಸಿಗೆ ತಕ್ಕ ಕಜ್ಜಾಯವೇ, ಮೂಗಿಗಿಂತ ಮೂಗುತಿ ಭಾರವೇ?

ಬೆಂಗಳೂರು: ಅಂಗಡಿ ಒಂದೇ, ಕೋರಿಕೆಯೂ ಒಂದೇ. ಆದರೆ ಬರುವ ದರಪಟ್ಟಿಗಳು ಮಾತ್ರ ಒಂದಕ್ಕೊಂದು ತಾಳೆಯಾಗುವುದಿಲ್ಲ. ಐದಾರು ಪುಟಗಳ ವೆಬ್‌ಸೈಟ್ ಬೇಕೆಂದು ವ್ಯಾಪಾರಿಯೊಬ್ಬರು ಮೂವರು ವಿನ್ಯಾಸಕಾರರನ್ನು ಕೇಳಿದರೆ ಒಬ್ಬರು ಹದಿನೈದು ಸಾವಿರ ರೂಪಾಯಿ ಎನ್ನಬಹುದು, ಇನ್ನೊಬ್ಬರು ಅರವತ್ತು ಸಾವಿರ, ಮತ್ತೊಬ್ಬರು ಎರಡು ಲಕ್ಷ. ಹಾಗೆಂದು ಇವರಲ್ಲಿ ಯಾರೋ ಮೋಸ ಮಾಡುತ್ತಿದ್ದಾರೆಂದು ಭಾವಿಸಬೇಕಿಲ್ಲ. ಮೂವರೂ ಮಾರುತ್ತಿರುವುದು ಒಂದೇ ಹೆಸರಿನ ಮೂರು ಬೇರೆ ಬೇರೆ ಸರಕುಗಳನ್ನು.

ವರ್ಡ್‌ಪ್ರೆಸ್ ಎಂಬ ತಂತ್ರಾಂಶ 2003ರಿಂದಲೂ ಉಚಿತವಾಗಿ ದೊರೆಯುತ್ತಿದೆ. ಅದಕ್ಕೆ ಹೊಂದುವ ಸಿದ್ಧ ವಿನ್ಯಾಸಗಳು ಸಾವಿರಾರು. ಕಡಿಮೆ ದರ ಹೇಳುವವರು ಬಹುತೇಕ ಅಂಥದೊಂದು ಸಿದ್ಧ ಉಡುಪನ್ನು ತಂದು, ಅಂಗಡಿಯ ಹೆಸರು ಮತ್ತು ಲಾಂಛನ ಹೊಲಿದುಕೊಡುತ್ತಾರೆ. ಹೆಚ್ಚು ದರ ಹೇಳುವವರು ಅಳತೆ ತೆಗೆದುಕೊಂಡು ಹೊಲಿಯುತ್ತಾರೆ, ಅಥವಾ ಹಾಗೆಂದು ಹೇಳಿಕೊಳ್ಳುತ್ತಾರೆ. ಗ್ರಾಹಕರು ಯಾರು, ಅವರು ಏನನ್ನು ಹುಡುಕಿ ಬರುತ್ತಾರೆ, ಯಾವ ಮೊಬೈಲಿನಲ್ಲಿ ನೋಡುತ್ತಾರೆ ಎಂಬುದರ ಅಧ್ಯಯನ, ಬರವಣಿಗೆ, ಛಾಯಾಚಿತ್ರ, ಪರೀಕ್ಷೆ ಎಲ್ಲವೂ ಆ ದರದಲ್ಲಿ ಸೇರಿರಬೇಕು. ಸೇರಿದೆಯೇ ಎಂದು ಲಿಖಿತವಾಗಿ ಕೇಳುವ ವ್ಯಾಪಾರಿಗಳೇ ವಿರಳ.

ದುಬಾರಿ ದರವೇ ಗುಣಮಟ್ಟದ ಖಾತರಿ ಎಂದುಕೊಳ್ಳುವವರು ಅಮೆರಿಕದ ಹರ್ಟ್ಸ್ ಪ್ರಕರಣವನ್ನು ಗಮನಿಸಬೇಕು. ಕಾರು ಬಾಡಿಗೆಗೆ ನೀಡುವ ಈ ಕಂಪನಿ ತನ್ನ ವೆಬ್‌ಸೈಟ್ ಮತ್ತು ಮೊಬೈಲ್ ಆ್ಯಪ್‌ಗಳನ್ನು ಹೊಸದಾಗಿ ರೂಪಿಸಲು 2016ರಲ್ಲಿ ಅಕ್ಸೆಂಚರ್ ಸಂಸ್ಥೆಯನ್ನು ನೇಮಿಸಿಕೊಂಡಿತ್ತು. 3.2 ಕೋಟಿ ಡಾಲರ್ ಶುಲ್ಕ ಪಾವತಿಸಿದರೂ ಬಳಸಬಹುದಾದ ವೆಬ್‌ಸೈಟ್ ಕೈಸೇರಲಿಲ್ಲ ಎಂದು ಆರೋಪಿಸಿ 2019ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿತು. ಆರೋಪಗಳಲ್ಲಿ ಹುರುಳಿಲ್ಲವೆಂದು ಅಕ್ಸೆಂಚರ್ ಹೇಳಿತು. ಗಮನಾರ್ಹ ಸಂಗತಿಯೆಂದರೆ, ಮೊಬೈಲ್, ಟ್ಯಾಬ್ಲೆಟ್ ಮತ್ತು ಕಂಪ್ಯೂಟರ್ ಮೂರರ ಪರದೆಗೂ ಪುಟ ಹೊಂದಿಕೊಳ್ಳಲಿಲ್ಲ ಎಂಬುದೂ ದೂರುಗಳಲ್ಲಿ ಒಂದಾಗಿತ್ತು. ಹದಿನೈದು ಸಾವಿರದ ಸಿದ್ಧ ವಿನ್ಯಾಸದಲ್ಲೂ ಇಂದು ದೊರೆಯುವ ಸೌಲಭ್ಯವಿದು.

ನಮ್ಮಲ್ಲೂ ಉದಾಹರಣೆಗೆ ಕೊರತೆಯಿಲ್ಲ. ಬೆಂಗಳೂರಿನ ಇನ್ಫೋಸಿಸ್ ರೂಪಿಸಿದ ಆದಾಯ ತೆರಿಗೆ ಇ-ಫೈಲಿಂಗ್ ಪೋರ್ಟಲ್ 2021ರ ಜೂನ್ 7ರಂದು ಆರಂಭವಾದ ದಿನದಿಂದಲೇ ಎಡವಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಕಂಪನಿಯ ಮುಖ್ಯಸ್ಥರನ್ನೇ ಹಣಕಾಸು ಸಚಿವಾಲಯ ಕರೆಸಿ ವಿವರಣೆ ಕೇಳಬೇಕಾಯಿತು. ಪೋರ್ಟಲ್ ಮುಂದೆ ಸುಧಾರಿಸಿತಾದರೂ, ದೊಡ್ಡ ಹೆಸರು ಮತ್ತು ದೊಡ್ಡ ಮೊತ್ತ ಎರಡೂ ಸೇರಿದರೂ ಮೊದಲ ದಿನ ಕೈಕೊಡಬಹುದೆಂಬುದು ದೇಶಕ್ಕೇ ತಿಳಿಯಿತು.

ಹಾಗಾದರೆ ಎಷ್ಟು ಕೊಡಬೇಕು? ವಿನ್ಯಾಸಕಾರನ ದರಪಟ್ಟಿಗಿಂತ ಮೊದಲು ವ್ಯಾಪಾರಿ ನೋಡಬೇಕಾದದ್ದು ತನ್ನದೇ ಲೆಕ್ಕದ ಪುಸ್ತಕವನ್ನು. ಚಿಕ್ಕಮಗಳೂರಿನ ಹೋಂಸ್ಟೇ ಒಂದನ್ನು ಉದಾಹರಣೆಗೆ ಊಹಿಸಿಕೊಳ್ಳೋಣ. ಕೋಣೆಯ ಬಾಡಿಗೆ ದಿನಕ್ಕೆ 4,000 ರೂ. ಬುಕಿಂಗ್ ಕಂಪನಿಗೆ ಕೊಡುವ ಕಮಿಷನ್ ಶೇ. 15 ಎಂದರೆ, ಅದರ ಮೇಲಿನ ತೆರಿಗೆ ಬಿಟ್ಟು, 600 ರೂ. ಸ್ವಂತ ವೆಬ್‌ಸೈಟ್ ಮೂಲಕ ತಿಂಗಳಿಗೆ ಹತ್ತು ದಿನದ ಬುಕಿಂಗ್ ನೇರವಾಗಿ ಬಂದರೆ ವರ್ಷಕ್ಕೆ ಉಳಿಯುವುದು 72,000 ರೂ. ವೆಬ್‌ಸೈಟ್‌ಗೆ 60,000 ರೂ., ವಾರ್ಷಿಕ ನಿರ್ವಹಣೆಗೆ 12,000 ರೂ. ಖರ್ಚಾದರೂ ಮೊದಲ ವರ್ಷದಲ್ಲೇ ಹಾಕಿದ ಹಣ ಕೈಸೇರಿತು. ಅದೇ ತಿಂಗಳಿಗೆ ಎರಡೇ ದಿನದ ಬುಕಿಂಗ್ ಬಂದರೆ? ವರ್ಷಕ್ಕೆ ಉಳಿಯುವುದು 14,400 ರೂ. ನಿರ್ವಹಣೆ ಕಳೆದರೆ 2,400 ರೂ. ಹೂಡಿದ 60,000 ರೂ. ಹಿಂದಿರುಗಲು 25 ವರ್ಷ ಬೇಕು. ಅಷ್ಟು ವರ್ಷ ಬಾಳುವ ವೆಬ್‌ಸೈಟ್ ವಿನ್ಯಾಸ ಇನ್ನೂ ಹುಟ್ಟಿಲ್ಲ!

ಇನ್ನು ಚಿಕ್ಕಪೇಟೆಯ ಸಗಟು ಬಟ್ಟೆ ವ್ಯಾಪಾರಿಯ ವಿಷಯವೇ ಬೇರೆ. ಹಳೆಯ ಗ್ರಾಹಕರು ಫೋನ್ ಮತ್ತು ವಾಟ್ಸ್‌ಆ್ಯಪ್ ಮೂಲಕವೇ ಸರಕು ತರಿಸಿಕೊಳ್ಳುತ್ತಿದ್ದರೆ ಅವರಿಗೆ ಬೇಕಾದದ್ದು ವಿಳಾಸ, ವೇಳೆ, ನಕ್ಷೆ ಇಷ್ಟೇ. ಗೂಗಲ್‌ನಲ್ಲಿ ಉಚಿತವಾಗಿ ನೋಂದಾಯಿಸಿದರೂ ಸಾಕಾಗಬಹುದು. ಆದರೆ ಉಚಿತವೆಂಬುದು ಕೊಡುವವರ ಇಚ್ಛೆಗೆ ಬಿಟ್ಟದ್ದು. ಇದೇ ನೋಂದಣಿಯೊಂದಿಗೆ ಸಣ್ಣ ವ್ಯಾಪಾರಿಗಳಿಗೆ ನೀಡುತ್ತಿದ್ದ ಉಚಿತ ವೆಬ್‌ಸೈಟ್‌ಗಳನ್ನು ಗೂಗಲ್ 2024ರ ಮಾರ್ಚ್‌ನಲ್ಲಿ ಮುಚ್ಚಿಬಿಟ್ಟಿತು. ವಿಸಿಟಿಂಗ್ ಕಾರ್ಡಿನಲ್ಲಿ ಆ ವಿಳಾಸ ಮುದ್ರಿಸಿದ್ದವರ ಗತಿ ಹೇಳಬೇಕಿಲ್ಲ.

ದರಪಟ್ಟಿಯಲ್ಲಿ ಕಾಣದ ಖರ್ಚುಗಳೂ ಇವೆ. ಜಿಎಸ್‌ಟಿ ನೋಂದಣಿಯಿರುವ ವಿನ್ಯಾಸಕಾರರು ಶೇ. 18 ತೆರಿಗೆ ಸೇರಿಸಿದಾಗ 60,000 ರೂ. ಮೊತ್ತ 70,800 ರೂ. ಆಗುತ್ತದೆ. ಸಾಮಾನ್ಯ ವ್ಯಾಪಾರಿ ಇದನ್ನು ಇನ್‌ಪುಟ್ ಕ್ರೆಡಿಟ್ ರೂಪದಲ್ಲಿ ಹಿಂಪಡೆಯಬಲ್ಲರು. ಮೇಲೆ ಹೇಳಿದ ಹೋಂಸ್ಟೇಗೆ ಆ ಭಾಗ್ಯವಿಲ್ಲ. ದಿನಕ್ಕೆ 7,500 ರೂ. ಮೀರದ ವಸತಿಯ ತೆರಿಗೆಯನ್ನು 2025ರ ಸೆಪ್ಟೆಂಬರ್ 22ರಿಂದ ಶೇ. 5ಕ್ಕೆ ಇಳಿಸಿದಾಗ ಇನ್‌ಪುಟ್ ಕ್ರೆಡಿಟ್ ಸೌಲಭ್ಯವನ್ನೂ ತೆಗೆದುಹಾಕಲಾಗಿದೆ. ಇದರ ಮೇಲೆ ಡೊಮೈನ್ ಮತ್ತು ಹೋಸ್ಟಿಂಗ್ ನವೀಕರಣ ಪ್ರತಿವರ್ಷ ತಪ್ಪದು. ಆದರೆ ಸುರಕ್ಷತಾ ಪ್ರಮಾಣಪತ್ರಕ್ಕೆಂದು ಸಾವಿರಾರು ರೂಪಾಯಿ ಕೇಳಿದರೆ ಪ್ರಶ್ನಿಸುವುದು ಒಳಿತು. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ 2015ರಿಂದಲೂ ಅದನ್ನು ಉಚಿತವಾಗಿ ನೀಡುತ್ತಿದೆ.

ಬೆಲೆಗಿಂತಲೂ ದೊಡ್ಡ ಅಪಾಯವಿರುವುದು ಒಡೆತನದಲ್ಲಿ. ಹಣ ಕೊಟ್ಟಾಯಿತು, ಇನ್ನು ವೆಬ್‌ಸೈಟ್ ನಮ್ಮದೇ ಎಂಬುದು ಸಾಮಾನ್ಯ ನಂಬಿಕೆ. ಕಾನೂನು ಹಾಗೆ ಹೇಳುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ, ಸಂಸ್ಥೆಯ ನೌಕರನಲ್ಲದ ಹೊರಗಿನ ವಿನ್ಯಾಸಕಾರ ಬರೆದ ಕೋಡ್‌ಗೆ ಸಾಮಾನ್ಯವಾಗಿ ಆತನೇ ಮೊದಲ ಒಡೆಯ. ಹಕ್ಕನ್ನು ಲಿಖಿತವಾಗಿ ವರ್ಗಾಯಿಸಿಕೊಳ್ಳಬೇಕು. ಆ ಪತ್ರದಲ್ಲಿ ಅವಧಿ ನಮೂದಿಸದಿದ್ದರೆ ಐದು ವರ್ಷವೆಂದೂ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಮಾತ್ರವೆಂದೂ 19ನೇ ಕಲಂ ಪರಿಗಣಿಸುತ್ತದೆ. ವಿದೇಶಕ್ಕೆ ಕಾಫಿ, ರೇಷ್ಮೆ ಕಳುಹಿಸುವವರಿಗೆ ಇದು ಸಣ್ಣ ವಿಷಯವಲ್ಲ. ಡೊಮೈನ್‌ನದ್ದು ಇನ್ನೂ ನೇರ ಸಮಸ್ಯೆ. ವಿನ್ಯಾಸಕಾರ ಅದನ್ನು ತನ್ನದೇ ಹೆಸರಿನಲ್ಲಿ ನೋಂದಾಯಿಸಿಕೊಂಡಿದ್ದರೆ, ಜಗಳವಾದ ದಿನ ಅಂಗಡಿಯ ಬೋರ್ಡೇ ಪರರ ಪಾಲಾದಂತೆ.

ಕನ್ನಡದ ಬಗ್ಗೆಯೂ ಒಂದು ಮಾತು. ರಾಜ್ಯದ ಗ್ರಾಹಕರಿಗಾಗಿ ಕನ್ನಡ ಪುಟಗಳೂ ಬೇಕೆಂದು ಕೇಳಿದಾಗ ಬಹಳಷ್ಟು ವಿನ್ಯಾಸಕಾರರು ತಲೆಯಾಡಿಸುತ್ತಾರೆ. ಆದರೆ ಇಂಗ್ಲಿಷ್ ಅಕ್ಷರಕ್ಕೆ ಹೊಂದಿಸಿದ ಸಾಲಿನ ಎತ್ತರದಲ್ಲಿ ನಮ್ಮ ಒತ್ತಕ್ಷರಗಳ ಬಾಲ ಕತ್ತರಿಸಿಹೋಗುತ್ತದೆ. ಹಳೆಯ ನುಡಿ ಅಥವಾ ಬರಹ ಅಕ್ಷರಶೈಲಿಯಲ್ಲಿರುವ ಪಠ್ಯವನ್ನು ಯೂನಿಕೋಡ್‌ಗೆ ಪರಿವರ್ತಿಸದೆ ಅಂಟಿಸಿದರೆ ಪರದೆಯ ಮೇಲೆ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳು. ಕನ್ನಡ ಪುಟಗಳ ಪರೀಕ್ಷೆಗೆ ಬೇರೆ ಹಣ ಕೇಳುವ ವಿನ್ಯಾಸಕಾರ ಬಹುಶಃ ಕೆಲಸ ಬಲ್ಲವನೇ ಇರಬೇಕು.

ಕೃತಕ ಬುದ್ಧಿಮತ್ತೆಯ ಸಾಧನಗಳು ಗಂಟೆಯೊಳಗೆ ಪುಟ ರಚಿಸಿಕೊಡುತ್ತಿರುವ ಈ ದಿನಗಳಲ್ಲಿ ಬರಿಯ ಕೋಡ್ ಬರೆಯುವುದಕ್ಕೆ ಹಳೆಯ ದರ ಕೊಡುವುದು ಕಷ್ಟವೇ. ಆದರೆ ಹೋಂಸ್ಟೇಯ ಅಂಗಳದ ನಿಜವಾದ ಚಿತ್ರ, ಅಲ್ಲಿ ಮಳೆಗಾಲದಲ್ಲಿ ದಾರಿ ಹೇಗಿರುತ್ತದೆಂಬ ಮಾಹಿತಿ, ಬುಕಿಂಗ್ ಅರ್ಧಕ್ಕೆ ನಿಂತಾಗ ಫೋನ್ ಎತ್ತುವ ಮನುಷ್ಯ, ಇವು ಯಾವ ಸಾಧನದಿಂದಲೂ ಬರುವುದಿಲ್ಲ. ಬೆಲೆ ಚೌಕಾಸಿ ಮಾಡುವವರು ಮೊದಲು ಕತ್ತರಿ ಹಾಕುವುದು ಮಾತ್ರ ಇವಕ್ಕೇ.

ಹಣವನ್ನು ಕಂತುಗಳಲ್ಲಿ ಕೊಡುವ ಪದ್ಧತಿ ಈ ಉದ್ಯಮದಲ್ಲೂ ಇದೆ. ಮುಂಗಡ, ವಿನ್ಯಾಸ ಒಪ್ಪಿಗೆಯಾದಾಗ ಒಂದು ಭಾಗ, ಉಳಿದದ್ದು ಕೊನೆಗೆ. ಆ ಕೊನೆಯ ಕಂತನ್ನು ಡೊಮೈನ್, ಹೋಸ್ಟಿಂಗ್ ಖಾತೆಗಳ ಪಾಸ್‌ವರ್ಡ್ ಮತ್ತು ಹಕ್ಕು ವರ್ಗಾವಣೆಯ ಪತ್ರ ಕೈಗೆ ಬಂದ ಮೇಲೆಯೇ ಪಾವತಿಸುವುದಾಗಿ ಒಪ್ಪಂದದಲ್ಲಿ ಬರೆಸಲು ಯಾವ ಹೆಚ್ಚುವರಿ ಶುಲ್ಕವೂ ತಗಲುವುದಿಲ್ಲ.