ಹಳೇ ಮಠವೂ ವಿದ್ಯಾಶಾಲೆಯೂ

ಪುರಾತನ ಕಟ್ಟಡಗಳನ್ನು ಕುರಿತು ಲೋಕದಲ್ಲಿ ಎರಡು ಅಭಿಪ್ರಾಯಗಳು ಬಳಕೆಯಲ್ಲಿರುವವು. ಹಳೇ ಕಲ್ಲುಗಳಿಂದ ಪ್ರಯೋಜನವೇನು, ಅವನ್ನು ಕೆಡವಿ ಹೊಸದನ್ನು ಕಟ್ಟುವದೇ ಲೇಸೆಂದು ಕೆಲವರು ವಾದಿಸುವರು. ಬೇರೆ ಕೆಲವರೋ, ಅವುಗಳೊಳಗೆ ಯಾರೂ ಇರದಂತೆ ಬೀಗ ಹಾಕಿ, ನೋಡಬಂದವರಿಗೆ ಮಾತ್ರ ಬಾಗಿಲು ತೆರೆಯಬೇಕೆನ್ನುವರು. ನಮಗೆ ಈ ಎರಡೂ ಸರಿದೋರುವದಿಲ್ಲ. ನಿತ್ಯವೂ ಒಂದು ಒಳ್ಳೇ ಕೆಲಸ ನಡೆಯುವ ಮನೆಯೇ ಬಹುಕಾಲ ಬಾಳುವದೆಂಬದು ನಮ್ಮ ಅಭಿಪ್ರಾಯ. ಇದಕ್ಕೆ ಜರ್ಮನಿ ದೇಶದ ಒಂದು ದೃಷ್ಟಾಂತವನ್ನು ವಾಚಕರ ಮುಂದಿಡುವೆವು.

ಆ ದೇಶದ ನೈರುತ್ಯ ಭಾಗದಲ್ಲಿ ವ್ಯುರ್ಟೆಂಬೆರ್ಗ್ ಎಂಬ ಸೀಮೆಯುಂಟು. ಅಲ್ಲಿಯ ಸ್ಟ್ರೋಂಬೆರ್ಗ್ ಗುಡ್ಡಗಳ ಬಿಸಿಲಿನ ಮಗ್ಗುಲಲ್ಲಿ ಮೆಟ್ಟಲು ಮೆಟ್ಟಲಾಗಿ ಕಲ್ಲಿನ ಕಟ್ಟೆಗಳನ್ನು ಕಟ್ಟಿ ದ್ರಾಕ್ಷೇತೋಟಗಳನ್ನು ಮಾಡಿರುವರು. ಅವುಗಳ ಕೆಳಗಣ ತಗ್ಗಿನಲ್ಲಿ ಮೌಲ್‌ಬ್ರೊನ್ ಎಂಬ ಮಠವಿರುವದು. 1147ನೇ ಇಸವಿಯಲ್ಲಿ ಸಿಸ್ಟರ್ಸಿಯನ್ ಪಂಗಡದ ಸನ್ಯಾಸಿಗಳು ಇದನ್ನು ಸ್ಥಾಪಿಸಿದರು. 1178ರಲ್ಲಿ ದೇವಾಲಯದ ಪ್ರತಿಷ್ಠೆಯಾಯಿತು. ಸಮೀಪದಲ್ಲಿ ತೆಗೆದ ಮರಳುಗಲ್ಲಿನಿಂದಲೇ ಕಟ್ಟಿದ ಈ ಸ್ಥಳದಲ್ಲಿ, 'ಪರದೈಸು' ಎಂದು ಹೆಸರುಳ್ಳ ಕಮಾನಿನ ಮೊಗಸಾಲೆಯೂ, ಸನ್ಯಾಸಿಗಳ ಸ್ಥಾನವನ್ನು ದುಡಿಯುವ ಸಹೋದರರ ಸ್ಥಾನದಿಂದ ಬೇರ್ಪಡಿಸುವ ಕಲ್ಲಿನ ಅಡ್ಡಗೋಡೆಯೂ, ಭೋಜನಶಾಲೆಗಳೂ, ಕಾರಂಜಿಯ ಮಂಟಪವೂ, ಕೆರೆ ಕಾಲುವೆಗಳೂ, ಸುತ್ತಣ ಪೌಳಿಗೋಡೆಯೂ ಉಳಿದಿರುವವು. ಆಲ್ಪ್ಸ್ ಪರ್ವತಗಳಿಂದ ಉತ್ತರಕ್ಕೆ ಮಧ್ಯಯುಗದ ಮಠಗಳೊಳಗೆ ಇಷ್ಟು ಪೂರ್ಣವಾಗಿ ಉಳಿದದ್ದು ಬೇರೊಂದಿಲ್ಲವೆಂದು ಯುನೆಸ್ಕೋ ಸಂಸ್ಥೆಯು 1993ರಲ್ಲಿ ಇದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಮಠದ ದ್ರಾಕ್ಷೇಗುಡ್ಡಕ್ಕೆ 'ಹನ್ನೊಂದು ಬೆರಳಿನ ಬೆಟ್ಟ'ವೆಂಬ ಅರ್ಥದ ಹೆಸರುಂಟು. ಉಪವಾಸಕಾಲದಲ್ಲಿ ಸನ್ಯಾಸಿಗಳಿಗೆ ದ್ರಾಕ್ಷಾರಸದಲ್ಲಿ ಬೆರಳದ್ದಿ ಚೀಪುವದಕ್ಕೆ ಮಾತ್ರ ಅಪ್ಪಣೆಯಿದ್ದು, ಹನ್ನೊಂದನೇ ಬೆರಳೊಂದು ಇಲ್ಲದೆ ಹೋಯಿತಲ್ಲಾ ಎಂದು ಅವರು ಮರುಗಿದರಂತೆ! ಇದು ಜನರ ಕಟ್ಟುಕಥೆಯಾದರೂ, ತೋಟಕ್ಕೂ ಮಠಕ್ಕೂ ಇದ್ದ ಸಂಬಂಧವನ್ನು ಚೆನ್ನಾಗಿ ತೋರಿಸುವದು.

ಹದಿನಾರನೇ ಶತಮಾನದ ಮತಸುಧಾರಣೆಯಿಂದ ಸನ್ಯಾಸಿಗಳ ಕಾಲ ಮುಗಿಯಿತು. ಆಗ ಬರಿದಾಗಬೇಕಾಗಿದ್ದ ಈ ಮನೆಯು ಹಾಳಾಗದೆ ಉಳಿದದ್ದು ಹೇಗೆ? ಸೀಮೆಯನ್ನಾಳುತ್ತಿದ್ದ ಡ್ಯೂಕ್ ಕ್ರಿಸ್ಟೋಫನು 1556ರಲ್ಲಿ ಇದನ್ನು ವಿದ್ಯಾಶಾಲೆಯಾಗಿ ಮಾಡಿದನು. ಗ್ರಹಗಳ ಗತಿಯನ್ನು ಕಂಡುಹಿಡಿದ ಕೆಪ್ಲರನೂ ಕವಿಯಾದ ಹ್ಯೋಲ್ಡರ್ಲಿನನೂ ಇಲ್ಲಿಯೇ ಓದಿದರು. ರೈನ್ ನದಿಯ ಹತ್ತಿರದ ಹೈಸ್ಟರ್‌ಬಾಖ್ ಮಠದ ಗತಿಯನ್ನು ಇದರೊಂದಿಗೆ ಹೋಲಿಸಿ ನೋಡಿರಿ. ಅದೂ ಅದೇ ಪಂಗಡದವರದೇ. 1803ರಲ್ಲಿ ಅದನ್ನು ಮುಚ್ಚಿದ ಮೇಲೆ ಒಳಗೆ ಮಾಡತಕ್ಕ ಕೆಲಸ ಯಾವದೂ ಇಲ್ಲದ್ದರಿಂದ, 1809ರಲ್ಲಿ ಕೆಡವುವದಕ್ಕೆಂದೇ ಮಾರಿಬಿಟ್ಟರು. ಅದರ ಕಲ್ಲುಗಳು ಕಾಲುವೆಯೊಂದರ ಕೆಲಸಕ್ಕೆ ಹೋದವು. ಆ ಮಹಾ ದೇವಾಲಯದಲ್ಲಿ ಈಗ ಉಳಿದಿರುವದು ಪೂಜಾಸ್ಥಾನದ ಮುರುಕು ಮಾತ್ರವೇ. ಶಾಲೆಯಿದ್ದಲ್ಲಿ ನಾಶವೇ ಬರುವದಿಲ್ಲವೆಂದು ನಾವು ಹೇಳುವದಿಲ್ಲ. ಮೌಲ್‌ಬ್ರೊನ್ನಿನಂತೆಯೇ ಶಾಲೆಯಾಗಿದ್ದ ಹಿರ್ಸೌ ಮಠವನ್ನು 1692ರಲ್ಲಿ ಶತ್ರುಸೈನ್ಯವು ಸುಟ್ಟುಬಿಟ್ಟಿತು. ಆದರೆ ಸಮಾಧಾನದ ಕಾಲದಲ್ಲಿ ಉದಾಸೀನದಿಂದ ಬರುವ ನಾಶವನ್ನು ಉಪಯೋಗವು ತಡೆಯುವದು.

ಕನ್ನಡಿಗರಾದ ನಮಗೆ ಆ ಸೀಮೆಯು ದೂರದ್ದಾದರೂ ಅಪರಿಚಿತವಲ್ಲ. 1843ರಲ್ಲಿ 'ಮಂಗಳೂರು ಸಮಾಚಾರ'ವನ್ನು ಹೊರಡಿಸಿ ಕನ್ನಡ ವೃತ್ತಪತ್ರಿಕೆಗೆ ಮೊದಲಿಟ್ಟ ಹೆರ್ಮನ್ ಮೋಗ್ಲಿಂಗರು 1811ರಲ್ಲಿ ಹುಟ್ಟಿದ ಬ್ರಾಕೆನ್‌ಹೈಮ್ ಊರು ಇದೇ ಸೀಮೆಯ ದ್ರಾಕ್ಷೇತೋಟಗಳ ನಡುವೆ ಇರುವದು. 1872ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಮಲಯಾಳ ನಿಘಂಟಿನ ಕರ್ತರಾದ ಹೆರ್ಮನ್ ಗುಂಡರ್ಟರು ಮೌಲ್‌ಬ್ರೊನ್ ಶಾಲೆಯಲ್ಲಿಯೇ ಕಲಿತವರು.

ಹಾಗಾದರೆ ಆ ಶಾಲೆಯಲ್ಲಿ ದೋಷವೇ ಇರಲಿಲ್ಲವೋ? ಇತ್ತು, ಅದನ್ನು ಮರೆಮಾಡುವದು ನ್ಯಾಯವಲ್ಲ. ಗುಂಡರ್ಟರ ಮೊಮ್ಮಗನಾದ ಹೆರ್ಮನ್ ಹೆಸ್ಸೆ ಎಂಬವನು 1891ರಲ್ಲಿ ಅಲ್ಲಿಗೆ ಸೇರಿ, ಮರುವರುಷವೇ ಆ ಕಟ್ಟುಪಾಡುಗಳನ್ನು ತಾಳಲಾರದೆ ಓಡಿಹೋದನು. ಅವನು ಮುಂದೆ ಲೋಕಪ್ರಸಿದ್ಧ ಗ್ರಂಥಕರ್ತನಾಗಿ, ಅಂಥ ಶಾಲೆಯಲ್ಲಿ ನಲುಗುವ ಬಾಲಕನ ಕಥೆಯನ್ನು 1906ರಲ್ಲಿ ಪ್ರಕಟಿಸಿದನು. ಗೋಡೆಗಳನ್ನು ಕಾಪಾಡಿ ಮಕ್ಕಳ ಮನಸ್ಸನ್ನು ಕಾಪಾಡದ ಶಾಲೆಯು ತನ್ನ ಕೆಲಸದಲ್ಲಿ ಅರ್ಧವನ್ನು ಮಾತ್ರ ಮಾಡಿತೆನ್ನಬೇಕು. ಇನ್ನೂ ಒಂದು ಮಾತುಂಟು. 1556ರಲ್ಲಿ ತೆರೆದ ಆ ಬಾಗಿಲು ಹುಡುಗರಿಗೆ ಮಾತ್ರ ತೆರೆಯಿತು. ಅನೇಕ ತಲೆಗಳ ತನಕ ಹುಡುಗಿಯರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಈಗಲಾದರೋ ಹುಡುಗರೂ ಹುಡುಗಿಯರೂ ಅದೇ ಕಮಾನುಗಳ ಕೆಳಗೆ ಒಟ್ಟಾಗಿ ಓದುತ್ತಿರುವರು. ಆ ಕಟ್ಟಡದ ದೀರ್ಘ ಚರಿತ್ರೆಯಲ್ಲಿ ಇದಕ್ಕಿಂತ ಒಳ್ಳೇ ದುರಸ್ತಿಯಾಗಿಲ್ಲವೆಂದು ನಾವು ಧೈರ್ಯವಾಗಿ ಹೇಳುವೆವು.

ನಿತ್ಯದ ಬಳಕೆಯಿಂದ ಕಲ್ಲು ಸವೆಯುವದೆಂಬ ಆಕ್ಷೇಪಣೆಯು ಸುಳ್ಳಲ್ಲ. ಆದರೂ ಸವೆದ ಮೆಟ್ಟಲನ್ನು ಸರಿಪಡಿಸುವದಕ್ಕೆ ಅದನ್ನು ದಿನಾಲು ತುಳಿಯುವವರಿಗಿರುವ ಆಸಕ್ತಿಯು ವರುಷಕ್ಕೊಮ್ಮೆ ಬಂದು ನೋಡಿ ಹೋಗುವವರಿಗೆ ಇರಲಾರದು. ಆದದರಿಂದ ಹಳೇ ದೇವಾಲಯವನ್ನಾಗಲಿ ಮಠವನ್ನಾಗಲಿ ಕೆಡವಲಿಕ್ಕೆ ಅಥವಾ ಬೀಗ ಹಾಕಲಿಕ್ಕೆ ಮನಸ್ಸು ಮಾಡುವವರು, ಅದಕ್ಕೆ ಯಾವ ಕೆಲಸವನ್ನು ಕೊಡಬಹುದೆಂದು ಮೊದಲು ವಿಚಾರಿಸಲಿ; ಕೆಲಸ ಕೊಟ್ಟ ಮೇಲೆ, ಅದರ ಬಾಗಿಲು ಯಾರಿಗೆ ಇನ್ನೂ ಮುಚ್ಚಿರುವದೆಂಬದನ್ನೂ ವಿಚಾರಿಸಲಿ. ನಮ್ಮ ವಿದ್ಯಾರ್ಥಿನಿಯರು ಈ ಎರಡನೇ ಪ್ರಶ್ನೆಯನ್ನು ಕೇಳುವದಕ್ಕೆ ಎಂದಿಗೂ ಹಿಂಜರಿಯದಿರಲಿ.