ಎಂಜಿನ್ ಗಟ್ಟಿ ಐತಿ ಅಂತ ಬ್ರೇಕ್ ಮರೀಬ್ಯಾಡ್ರಿ

"ಏನೋ ತಮ್ಮಾ, ಇನ್ನೂ ಇದ ಗಾಡಿ ಹೊಡೀತಿಯೇನು? ಮಾರಿ ಹೊಸಾದ್ ತಗೊಳ್ಳೋ."

ನಮ್ಮೂರು ಹಿರೇಹಂದಿಗೋಳದ ಚಹಾದಂಗಡಿ ಮುಂದೆ ಗಾಡಿ ನಿಲ್ಲಿಸಿದರೆ ಸಾಕು, ಯಾರಾದರೊಬ್ಬ ಹಿರಿಯರು ಈ ಮಾತು ಹೇಳೇ ಹೇಳುತ್ತಾರೆ. ನಕ್ಕು ಸುಮ್ಮನಾಗುತ್ತಿದ್ದೆ. ಈ ಸಲ ಉತ್ತರ ಬರೆದೇ ಬಿಡೋಣ ಅನಿಸಿತು.

ಗಾಡಿ 2012ರದ್ದು, ನೂರು ಸಿಸಿ. ಒಂದು ದಿನ ಲಕ್ಷ್ಮೇಶ್ವರ, ಮರುದಿನ ಶಿರಹಟ್ಟಿ, ಅದರ ಮರುದಿನ ಮುಂಡರಗಿ ಕಡೆ ಹೊಳಿ ದಂಡಿ ಊರು. ಸರಾಸರಿ ದಿನಕ್ಕೆ 60 ಕಿ.ಮೀ., ವರ್ಷಕ್ಕೆ 300 ದಿನ ಹಿಡಿದರೂ 18,000 ಕಿ.ಮೀ. ಮೀಟರಿನಲ್ಲಿ ಇರೋದು ಐದೇ ಅಂಕಿ. 99,999 ಮುಗಿದ ಮೇಲೆ ಮತ್ತೆ ಸೊನ್ನೆ. ನನ್ನದು ಎರಡು ಸಲ ಸೊನ್ನೆ ಆಗಿದೆ. ಭೂಮಿಯ ಸುತ್ತಳತೆ 40,075 ಕಿ.ಮೀ. ಅಂದರೆ ಗದಗ ಜಿಲ್ಲೆ ಬಿಟ್ಟು ಹೆಚ್ಚು ಹೊರಗೆ ಹೋಗದೆಯೇ ನಾನು ಭೂಮಿಯನ್ನು ಐದು ಸುತ್ತು ಹಾಕಿದ್ದೇನೆ. ಸುದ್ದಿಗೆ ಇಷ್ಟು ಅಂತ ರೊಕ್ಕ ಬರುತ್ತದೆ, ಕಿಲೋಮೀಟರಿಗೆ ಅಂತ ಯಾರೂ ಕೊಡುವುದಿಲ್ಲ. ಅದು ಬೇರೆ ಮಾತು.

ಟೂರಿಂಗ್ ಬೈಕ್ ಅಂದ ಕೂಡಲೇ ನಮಗೆ ನೆನಪಾಗೋದು ಹೆದ್ದಾರಿ 67ರಲ್ಲಿ ಹಂಪಿ ಕಡೆ ಹೊರಟ ದೊಡ್ಡ ಗಾಡಿಗಳು. ಎರಡೂ ಬದಿ ಪೆಟ್ಟಿಗೆ, ಮೈಮೇಲೆ ಜಾಕೆಟ್ಟು. ಅವರ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಅವರು ವರ್ಷಕ್ಕೆ ಒಂದೋ ಎರಡೋ ಸಲ ದೂರ ಹೋಗುತ್ತಾರೆ. ನಮ್ಮ ಹಾಲಿನವರು, ಬಟ್ಟೆ ಗಂಟು ಕಟ್ಟಿಕೊಂಡು ಊರೂರು ತಿರುಗುವವರು, ಫೈನಾನ್ಸ್ ವಸೂಲಿ ಹುಡುಗರು, ಲೈನ್‌ಮನ್‌ಗಳು ದಿನಾ ಹೋಗುತ್ತಾರೆ. ನಿಜವಾದ ಟೂರಿಂಗ್ ಗಾಡಿ ನಮ್ಮದೇ.

ಊರಲ್ಲಿ ಎರಡು ಮಾತು ಚಾಲ್ತಿಯಲ್ಲಿವೆ. ಒಂದು, "ಲಕ್ಷ ಓಡಿತಂದ್ರ ಗಾಡಿ ಮುಗೀತು." ಇನ್ನೊಂದು, "ನಮ್ಮ ಗಾಡಿ ಎಂಜಿನ್ ಕಲ್ಲಿನಂಗ ಐತಿ, ಏನೂ ಕೇಳೂದಿಲ್ಲ." ನನ್ನ ಪ್ರಕಾರ ಎರಡೂ ತಪ್ಪು, ಎರಡನೆಯದು ಹೆಚ್ಚು ಅಪಾಯದ್ದು. ಅದನ್ನು ನಾನು ಪೆಟ್ಟು ತಿಂದೇ ಕಲಿತೆ.

ಎರಡು ವರ್ಷದ ಹಿಂದೆ, ಕಬ್ಬಿನ ಹಂಗಾಮು. ಮುಂಡರಗಿಯಲ್ಲಿ ಸಭೆ ಮುಗಿಸಿ ರಾತ್ರಿ ವಾಪಸ್ ಬರುತ್ತಿದ್ದೆ. ಡಂಬಳ ದಾಟಿದ ಮೇಲೆ ರಸ್ತೆ ನಡುವೆ ಕಬ್ಬಿನ ಟ್ರೇಲರ್ ನಿಂತಿತ್ತು. ಹಿಂದೆ ದೀಪ ಇಲ್ಲ, ಮಿನುಗೋ ಪಟ್ಟಿಯೂ ಇಲ್ಲ. ಕಾಲಿನ ಬ್ರೇಕ್ ಒತ್ತಿದೆ, ಪೆಡಲ್ ತಳ ಮುಟ್ಟಿತು, ಗಾಡಿ ನಿಲ್ಲಲಿಲ್ಲ. ಮುಂದಿನ ಬ್ರೇಕ್ ಹಿಡಿದು ಹ್ಯಾಂಡಲ್ ತಿರುಗಿಸಿದೆ. ಹೋಗಿ ಬಿದ್ದದ್ದು ಹತ್ತಿ ಹೊಲದಲ್ಲಿ. ಮೊಣಕಾಲು ಸುಲಿಯಿತು, ಫೋನ್ ಒಡೆಯಿತು. ಅಷ್ಟಕ್ಕೇ ಬಚಾವಾದೆ.

ಹಿಂದಿನ ವಾರವಷ್ಟೇ ಹೊಸ ಆಯಿಲ್ ಹಾಕಿಸಿದ್ದೆ. ಎಂಜಿನ್ ಸೌಂಡ್ ಬೆಣ್ಣಿ ಹಂಗ ಇತ್ತು. ಬ್ರೇಕ್ ಶೂ ಮಾತ್ರ ಪೂರ್ತಿ ಸವೆದಿತ್ತು. ಸಡಿಲಾದಾಗೆಲ್ಲ ಹಿಂದಿನ ರಾಡಿನ ನಟ್ ಬಿಗಿ ಮಾಡುತ್ತಾ ಬಂದಿದ್ದೆ. ಕೊನೆಗೆ ಬಿಗಿ ಮಾಡಲು ಎಳೆಯೇ ಉಳಿದಿರಲಿಲ್ಲ. ಡ್ರಮ್ ಬ್ರೇಕ್ ಇರುವ ಬಹಳಷ್ಟು ಗಾಡಿಗಳಲ್ಲಿ ಚಕ್ರದ ಪಕ್ಕ, ಬ್ರೇಕ್ ರಾಡ್ ಸೇರುವ ಜಾಗದಲ್ಲಿ ಒಂದು ಸಣ್ಣ ಬಾಣದ ಗುರುತು ಇರುತ್ತದೆ. ಬ್ರೇಕ್ ಒತ್ತಿದಾಗ ಆ ಬಾಣ ಎದುರಿನ ಗೆರೆಗೆ ಬಂತು ಅಂದರೆ ಶೂ ಮುಗಿದಿದೆ ಅಂತ ಅರ್ಥ. ಹತ್ತು ವರ್ಷ ಗಾಡಿ ಓಡಿಸಿದವನು ನಾನು, ಆ ಬಾಣವನ್ನು ನೋಡಿದ್ದು ಬಿದ್ದ ಮೇಲೆ. ಮುನ್ನೂರು ರೂಪಾಯಿಯೊಳಗಿನ ಸಾಮಾನಿಗೆ ಜೀವ ಹೋಗುತ್ತಿತ್ತು.

ಅವತ್ತಿನಿಂದ ನನ್ನ ಲೆಕ್ಕ ಬದಲಾಗಿದೆ. ಗಾಡಿ ಅಂದರೆ ಒಂದೇ ವಸ್ತು ಅಲ್ಲ, ಬೇರೆ ಬೇರೆ ಆಯುಷ್ಯದ ನೂರಾರು ಸಾಮಾನು ಸೇರಿದ್ದು. ಎಲ್ಲಕ್ಕಿಂತ ಹೆಚ್ಚು ಬಾಳುವುದು ಎಂಜಿನ್, ನಾವು ಚಿಂತೆ ಮಾಡೋದೂ ಅದರ ಬಗ್ಗೆಯೇ.

ಅರ್ಜೆಂಟೀನಾದ ಎಮಿಲಿಯೊ ಸ್ಕಾಟೊ ಅನ್ನುವವರು 1985ರಿಂದ 1995ರವರೆಗೆ ಒಂದೇ ಹೊಂಡಾ ಗೋಲ್ಡ್ ವಿಂಗ್ ಮೇಲೆ ಜಗತ್ತು ತಿರುಗಿದರು. ಒಟ್ಟು 7,35,000 ಕಿ.ಮೀ., ಗಿನ್ನಿಸ್ ದಾಖಲೆ. ಎಲ್ಲರೂ ಹೇಳೋದು ಈ ಅಂಕಿಯನ್ನೇ. ನನಗೆ ಹಿಡಿಸಿದ್ದು ಬೇರೆ ಅಂಕಿ: ಆ ಹತ್ತು ವರ್ಷದಲ್ಲಿ ಅವರು 86 ಟೈರು, 12 ಬ್ಯಾಟರಿ, 9 ಸೀಟು ಬದಲಿಸಿದರು. ಎರಡು ಚಕ್ರಕ್ಕೆ ಭಾಗಿಸಿ ನೋಡಿ, ಒಂದೊಂದು ಟೈರು ಸುಮಾರು 17,000 ಕಿ.ಮೀ. ಓಡಿದೆ. ಅದು ಭಾರಿ ಗಾಡಿ, ಟೈರು ಬೇಗ ಸವೆಯುತ್ತದೆ. ನಮ್ಮ ಸಣ್ಣ ಗಾಡಿಯ ಟೈರು ಇನ್ನೂ ಹೆಚ್ಚು ಬಾಳುತ್ತದೆ, ಒಪ್ಪಿದೆ. ಆದರೆ ನಾವು ಒಳಗಿನ ನೂಲು ಕಾಣೋವರೆಗೂ ಬಿಡುವುದಿಲ್ಲವಲ್ಲ! ಟೈರಿನ ಗೆರೆಗಳ ಒಳಗೆ ಸಣ್ಣ ಸಣ್ಣ ಉಬ್ಬು ಇರುತ್ತವೆ. ಮೇಲ್ಮೈ ಸವೆದು ಆ ಉಬ್ಬಿನ ಮಟ್ಟಕ್ಕೆ ಬಂದರೆ ಟೈರಿನ ಕೆಲಸ ಮುಗಿಯಿತು.

1985ರಲ್ಲಿ ಹೀರೊ ಹೊಂಡಾ ಸಿಡಿ 100 ಬಂದಾಗ ಅದರ ಜಾಹೀರಾತು ಬಹಳ ಹೆಸರಾಗಿತ್ತು. ಪೆಟ್ರೋಲ್ ತುಂಬಿಸಿ, ಮುಚ್ಚಳ ಹಾಕಿ, ಮರೆತುಬಿಡಿ ಅಂತ ಅದರ ಅರ್ಥ. ಅವರು ಹೇಳಿದ್ದು ಪೆಟ್ರೋಲಿನ ಬಗ್ಗೆ. ನಾವು ಗಾಡಿಯನ್ನೇ ಮರೆತೆವು.

ಎಂಜಿನ್ನಿಗೂ ನಮ್ಮ ಸೀಮೆಯಲ್ಲಿ ಒಂದು ಶತ್ರು ಇದೆ: ಧೂಳು. ರಾಶಿ ಹಂಗಾಮಿನಲ್ಲಿ, ಕಪ್ಪತಗುಡ್ಡದ ಬದಿ ಟಿಪ್ಪರ್ ಹಿಂದೆ ಹೋದವರಿಗೆ ನಾನು ಹೇಳೋದು ಬೇಕಿಲ್ಲ. ಏರ್ ಫಿಲ್ಟರ್ ತುಂಬಿ ಹರಿದರೆ ಆ ಧೂಳು ನೇರ ಸಿಲಿಂಡರಿಗೆ ಹೋಗಿ, ಪಿಸ್ಟನ್ ರಿಂಗನ್ನು ಉಸುಕಿನ ಕಾಗದದ ಹಾಗೆ ತಿಕ್ಕುತ್ತದೆ. ಹಳೆಯ ಸ್ಪಂಜಿನ ಫಿಲ್ಟರ್ ತೊಳೆದು ಹಾಕಬಹುದಿತ್ತು. ಈಗಿನ ಎಷ್ಟೋ ಗಾಡಿಗಳಲ್ಲಿರುವುದು ಎಣ್ಣೆ ಹಿಡಿದ ಕಾಗದದ ಫಿಲ್ಟರ್. ಅದಕ್ಕೆ ಗಾಳಿ ಹೊಡೆಸಬಾರದು, ಬದಲಿಸಬೇಕು.

ಇನ್ನು ಆಯಿಲ್. ನೂರು ಸಿಸಿ ಎಂಜಿನ್ನಿನಲ್ಲಿ ಇರುವುದು ಒಂದು ಲೀಟರಿಗಿಂತ ಕಡಿಮೆ ಎಣ್ಣೆ. ಎಂಜಿನ್, ಗೇರು, ಕ್ಲಚ್ ಮೂರೂ ಅದರಲ್ಲೇ ನೆನೆಯಬೇಕು. ಟ್ರ್ಯಾಕ್ಟರಿಗೆ ತಂದ ಡಬ್ಬಿಯಲ್ಲಿ ಉಳಿದದ್ದನ್ನು ಬೈಕಿಗೆ ಹಾಕುವ ರೂಢಿ ನಮ್ಮೂರಲ್ಲಿ ಬಹಳ ಮನೆಗಳಲ್ಲಿದೆ. ಅದು ಬೈಕಿನ ಕ್ಲಚ್ಚಿಗೆ ಅಂತ ಮಾಡಿದ ಎಣ್ಣೆ ಅಲ್ಲ. ಡಬ್ಬಿ ಮೇಲೆ ಜಾಸೊ ಎಂಎ ಅಂತ ಇದೆಯೋ ನೋಡಿ ತಗೊಳ್ಳಿ. ನಾನು 3,000 ಕಿ.ಮೀ.ಗೆ ಬದಲಿಸುತ್ತೇನೆ, ನಡುವೆ ಮಟ್ಟ ನೋಡುತ್ತೇನೆ.

ಹೊಗೆ ಬಂತು ಅಂದ ಕೂಡಲೇ "ಬೋರ್ ಮಾಡಿಸ್ರಿ" ಅನ್ನುವ ಗ್ಯಾರೇಜುಗಳಿವೆ. ಸ್ವಲ್ಪ ತಡೆಯಿರಿ. ಬೆಳಿಗ್ಗೆ ಚಾಲೂ ಮಾಡಿದಾಗ ಮಾತ್ರ ನೀಲಿ ಹೊಗೆ ಬಂದು ಆಮೇಲೆ ನಿಂತರೆ, ಹೆಚ್ಚಾಗಿ ಅದು ವಾಲ್ವ್ ಸೀಲಿನ ದೋಷ. ಬೋರ್ ಪಿಸ್ಟನ್ನಿನ ಮುಂದೆ ಅದರ ಖರ್ಚು ಏನೂ ಅಲ್ಲ. ಎಕ್ಸಲೇಟರ್ ಕೊಟ್ಟಾಗೆಲ್ಲ ಹೊಗೆ ಬಂದು, ಎಣ್ಣೆಯೂ ಇಳಿಯುತ್ತಿದ್ದರೆ ಮಾತ್ರ ರಿಂಗು, ಸಿಲಿಂಡರಿನ ಕಡೆ ಹೋಗಬೇಕು. ನನ್ನ ಗಾಡಿಗೆ ಬೋರ್ ಆಗಿದ್ದು ಒಂದೇ ಸಲ, ಮೊದಲ ಸಲ ಸೊನ್ನೆ ಆದ ಮೇಲೆ.

ಮೈಸೂರಿನಲ್ಲಿ ಜಾವಾ, ಯೆಜ್ಡಿ ತಯಾರಾಗುತ್ತಿದ್ದವು. ಕಾರ್ಖಾನೆ 1996ರಲ್ಲಿ ಮುಚ್ಚಿತು, ಗಾಡಿಗಳು ಇವತ್ತಿಗೂ ಓಡುತ್ತಿವೆ. ಅವುಗಳ ಚೈನು ಪೂರ್ತಿ ಕವರಿನೊಳಗೆ ಇರುತ್ತಿತ್ತು. ನಮ್ಮ ಎರಿ ಮಣ್ಣಿಗೆ ಅಂತಹ ಕವರೇ ಬೇಕು. ಇಲ್ಲಿನ ಹುಡುಗರು ಸ್ಟೈಲಿಗೆ ಅಂತ ಚೈನ್ ಕವರ್ ಕಿತ್ತು ಅಟ್ಟಕ್ಕೆ ಎಸೆಯುತ್ತಾರೆ. ಒಂದು ಮಳೆಗಾಲ ಹೊಲದ ದಾರಿಯಲ್ಲಿ ಓಡಿಸಿದರೆ ಚೈನಿಗೆ ಮಣ್ಣು ಮೆತ್ತಿ, ಸ್ಪ್ರಾಕೆಟ್ ಹಲ್ಲು ಗರಗಸದ ಹಲ್ಲಿನ ಹಾಗೆ ಚೂಪಾಗುತ್ತವೆ.

ಭಾರದ ವಿಷಯಕ್ಕೆ ಬಂದರೆ ನಾವೆಲ್ಲ ಅಪರಾಧಿಗಳು. ಇಬ್ಬರು ದೊಡ್ಡವರು ಕೂತರೇ ಸಣ್ಣ ಗಾಡಿಯ ಮಿತಿ ಹತ್ತಿರಾಗುತ್ತದೆ. ಅದರ ನಡುವೆ 45 ಕಿಲೋ ಯೂರಿಯಾ ಚೀಲ. ಎಂಜಿನ್ ಎಳೆಯುತ್ತದೆ, ಹಾಗಾಗಿ ನಮಗೆ ಗೊತ್ತಾಗುವುದಿಲ್ಲ. ಪೆಟ್ಟು ಬೀಳುವುದು ವ್ಹೀಲ್ ಬೇರಿಂಗಿಗೆ, ಸ್ವಿಂಗ್ ಆರ್ಮ್ ಬುಷ್ಷಿಗೆ, ಹ್ಯಾಂಡಲ್ ಕೆಳಗಿನ ಕೋನ್ ಸೆಟ್ಟಿಗೆ. ನಡು ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರ ಹಿಡಿದು ಅಡ್ಡಡ್ಡ ಅಲುಗಾಡಿಸಿ ನೋಡಿ. ಕಟ ಕಟ ಅಂದರೆ ಗ್ಯಾರೇಜಿಗೆ ಒಯ್ಯಿರಿ. ಮುಂದಿನ ಚಕ್ರ ಮೇಲೆತ್ತಿ ಹ್ಯಾಂಡಲ್ ನಿಧಾನ ತಿರುಗಿಸಿ. ನಟ್ಟ ನಡುವೆ ಹಲ್ಲು ಸಿಕ್ಕಂತೆ ಹಿಡಿದರೆ ಕೋನ್ ಸೆಟ್ ಹೋಗಿದೆ. ಹಳೆ ಗಾಡಿ ಕೊಳ್ಳುವವರೂ ಮೀಟರ್ ನೋಡುವ ಬದಲು ಇವನ್ನು ನೋಡಿ. ಮೀಟರ್ ಕೇಬಲ್ ಬಿಚ್ಚಿಡುವುದು ಒಂದು ನಿಮಿಷದ ಕೆಲಸ. ಸವೆದ ಗೇರ್ ರಬ್ಬರ್, ಚೂಪಾದ ಸ್ಪ್ರಾಕೆಟ್ ಸುಳ್ಳು ಹೇಳುವುದಿಲ್ಲ.

ರೊಕ್ಕದ ಮಾತು. ಹೊಸ ಗಾಡಿಗೆ ಶೋರೂಮಿನಲ್ಲಿ ಕೂತಲ್ಲೇ ಸಾಲ ಆಗುತ್ತದೆ. ಹಳೆ ಗಾಡಿಗೆ ಆರು ಸಾವಿರದ ರಿಪೇರಿ ಬಂದರೆ ಸಾಲ ಕೊಡುವವರಿಲ್ಲ. ಅದಕ್ಕೇ ಎಷ್ಟೋ ಜನ ಆರು ಸಾವಿರ ಕೈಯಲ್ಲಿಲ್ಲ ಅಂತ ಒಂದು ಲಕ್ಷದ ಸಾಲಕ್ಕೆ ಬೀಳುತ್ತಾರೆ, ಇಲ್ಲವೇ ಬ್ರೇಕಿಲ್ಲದ ಗಾಡಿ ಹೊಡೆಯುತ್ತಾರೆ. ನಾನು ಕಿಲೋಮೀಟರಿಗೆ 50 ಪೈಸೆ ಲೆಕ್ಕದಲ್ಲಿ ಎತ್ತಿಡುತ್ತೇನೆ. ದಿನಕ್ಕೆ 30 ರೂಪಾಯಿ, ವರ್ಷಕ್ಕೆ 9,000. ಎಲ್ಲ ತಿಂಗಳೂ ಆಗುವುದಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೂ ಆ ಡಬ್ಬಿ ಇರುವುದರಿಂದಲೇ ಗಾಡಿ ಇದೆ.

ಹೊಸ ಗಾಡಿ ಬೇಡವೇ ಬೇಡ ಅಂತಲ್ಲ. ಚಾಸಿ ತುಕ್ಕು ಹಿಡಿದು ಬಿರುಕು ಬಿಟ್ಟಿದ್ದರೆ, ವೆಲ್ಡಿಂಗ್ ಮಾಡಿಸಿಕೊಂಡು ಹೆಂಡತಿ ಮಕ್ಕಳನ್ನು ಕೂರಿಸಬೇಡಿ, ಬಿಟ್ಟುಬಿಡಿ. ನನ್ನದು ಇನ್ನೂ ಆ ಹಂತಕ್ಕೆ ಬಂದಿಲ್ಲ. ಹದಿನೈದು ವರ್ಷ ತುಂಬಿದ ಮೇಲೆ ಆರ್‌ಸಿ ನವೀಕರಣಕ್ಕೆ ಆರ್‌ಟಿಒ ಮುಂದೆ ಗಾಡಿ ನಿಲ್ಲಿಸಬೇಕು, ಪಾಸಾದರೆ ಮತ್ತೆ ಐದು ವರ್ಷ. ಅಷ್ಟರೊಳಗೆ ಸ್ವಿಂಗ್ ಆರ್ಮ್ ಬುಷ್ ಹಾಕಿಸಬೇಕು, ಹಿಂದಿನ ದೀಪದ ಒಡೆದ ಗ್ಲಾಸ್ ಬದಲಿಸಬೇಕು. ಕಬ್ಬಿನ ಟ್ರೇಲರಿಗೆ ದೀಪ ಇಲ್ಲ ಅಂತ ಸುದ್ದಿ ಬರೆದವನ ಗಾಡಿಗೇ ದೀಪ ಇಲ್ಲದಿದ್ದರೆ ಚಹಾದಂಗಡಿ ಹಿರಿಯರು ಬಿಡುವುದಿಲ್ಲ.