ಬೊಜ್ಜು ಇಳಿಸುವುದು ಒಬ್ಬನ ಕೆಲಸವಲ್ಲ

ಬೊಜ್ಜು ಎಂಬುದು ದಣಿಗಳಿಗೆ ಬರುವ ಕಾಯಿಲೆ, ದುಡಿಯುವವನಿಗೆ ಅದರ ಗೊಡವೆ ಇಲ್ಲ ಎಂಬ ತಿಳುವಳಿಕೆ ನಮ್ಮ ಬಂಧುಗಳಲ್ಲಿ ಇನ್ನೂ ಗಟ್ಟಿಯಾಗಿ ಕುಳಿತಿದೆ. ಹೋದ ತಿಂಗಳ ಸಭೆಯಲ್ಲಿ ಸಂಘದ ಕೋಣೆಗೆ ಒಂದು ತೂಕದ ಯಂತ್ರ ತರಬೇಕೆಂದು ನಾನು ಸೂಚಿಸಿದಾಗ ಹಿಂದಿನ ಸಾಲಿನಿಂದ ನಗು ಕೇಳಿಬಂತು. "ಪಗಾರದ ಮಾತು ಬಿಟ್ಟು ಹೊಟ್ಟೆ ಅಳೆಯುವ ಮಾತು ಯಾಕೆ ಮಾರಾಯ್ರೆ?" ಎಂದು ಒಬ್ಬರು ಕೇಳಿಯೂ ಬಿಟ್ಟರು. ಕೇಳಿದ್ದು ತಪ್ಪಲ್ಲ. ಸಭೆಯ ಐದು ನಿಮಿಷದಲ್ಲಿ ಹೇಳಿ ಮುಗಿಸುವ ಉತ್ತರ ಅದಲ್ಲವಾದುದರಿಂದ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಹೊಟೇಲುಗಳನ್ನೇ ನೋಡಿರಿ. ಇಪ್ಪತ್ತು ವರ್ಷದ ಮಾಣಿ ಮೇಜಿನಿಂದ ಅಡಿಗೆಮನೆಗೆ, ಅಡಿಗೆಮನೆಯಿಂದ ಮೇಜಿಗೆ ದಿನವಿಡೀ ಓಡುತ್ತಾನೆ. ತಿಂದದ್ದು ಮೈಗೆ ಹತ್ತುವುದಿಲ್ಲ. ಮೂವತ್ತೈದರ ಹೊತ್ತಿಗೆ ಅವನೇ ಗಲ್ಲಾದ ಹಿಂದೆ ಕೂರುತ್ತಾನೆ, ಇಲ್ಲವೆ ದೋಸೆಯ ಕಾವಲಿಯ ಮುಂದೆ ಒಂದೇ ಕಡೆ ನಿಲ್ಲುತ್ತಾನೆ. ಓಡಾಟ ನಿಂತಿತು, ಊಟ ಮಾತ್ರ ಹಿಂದಿನಷ್ಟೇ. ಆ ಊಟವಾದರೂ ಯಾವಾಗ? ಬೆಳಿಗ್ಗೆ ಗಿರಾಕಿಗಳ ಗಲಾಟೆ ಇಳಿದ ಮೇಲೆ ಉಳಿದ ವಡೆ, ತಣ್ಣಗಾದ ಇಡ್ಲಿ. ಮಧ್ಯಾಹ್ನದ ಅನ್ನ ಮೂರೂವರೆಗೆ. ಐದಕ್ಕೆ ಕಾವಲಿಯ ಮಗ್ಗುಲಲ್ಲೇ ನಿಂತು ನಾಲ್ಕು ಗೋಳಿಬಜೆ. ರಾತ್ರಿ ಶಟರ್ ಎಳೆದು ನೆಲ ತೊಳೆದು ಹನ್ನೊಂದೂವರೆಗೆ ದೊಡ್ಡ ಊಟ, ಊಟದ ಬೆನ್ನಿಗೇ ನಿದ್ರೆ. ಇದರ ನಡುವೆ ಚಹಾದ ಲೆಕ್ಕ ಯಾರೂ ಇಡುವುದಿಲ್ಲ. ಇಡೋಣ: ದಿನಕ್ಕೆ ಹತ್ತು ಚಹಾ, ಒಂದೊಂದಕ್ಕೆ ಎರಡು ಚಮಚೆ ಅಂದರೆ ಹತ್ತು ಗ್ರಾಂ ಸಕ್ಕರೆ. ಒಟ್ಟು ನೂರು ಗ್ರಾಂ, ತಿಂಗಳಿಗೆ ಮೂರು ಕಿಲೋ. ದಿನಕ್ಕೆ 50 ಗ್ರಾಮಿಗಿಂತ ಕಡಿಮೆ, ಸಾಧ್ಯವಾದರೆ 25 ಗ್ರಾಮಿನ ಒಳಗೆ ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ನಮ್ಮ ಗಲ್ಲಾದ ಬಂಧು ಚಹಾ ಒಂದರಲ್ಲೇ ಅದರ ಇಮ್ಮಡಿ, ನಾಲ್ಮಡಿ ಕುಡಿಯುತ್ತಾನೆ.

ಗಿರಣಿಯವರ ಕಥೆ ಬೇರೆ, ಕೊನೆ ಇದೇ. 1982ರ ಜನವರಿ 18ರಂದು ಆರಂಭವಾದ ಮುಷ್ಕರದ ನಂತರ ಗಿರಣಗಾಂವಿನ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಎಂಟು ತಾಸು ಮಗ್ಗದ ಮುಂದೆ ನಿಂತು, ಜೋಳದ ರೊಟ್ಟಿ ತಿಂದು ಜೀವ ಗಟ್ಟಿಮಾಡಿಕೊಂಡಿದ್ದವರು ಕಟ್ಟಡಗಳ ಬಾಗಿಲಲ್ಲಿ ವಾಚ್‌ಮನ್ ಆಗಿ ಹನ್ನೆರಡು ತಾಸು ಕುರ್ಚಿಯ ಮೇಲೆ ಕೂತರು. ಅವರಲ್ಲಿ ಎಷ್ಟು ಮಂದಿ ಸಕ್ಕರೆ ಕಾಯಿಲೆಯ ಗುಳಿಗೆ ನುಂಗುತ್ತ ಮುದುಕರಾದರೆಂದು ಆ ಚಾಳುಗಳಲ್ಲಿ ಓಡಾಡಿದ ಯಾರನ್ನಾದರೂ ಕೇಳಿರಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆ ದೇಶದಲ್ಲಿ ಸಕ್ಕರೆ ಕಾಯಿಲೆಯವರು 10 ಕೋಟಿ 10 ಲಕ್ಷ ಎಂದು ಅಂದಾಜು ಮಾಡಿದೆ. ಇಷ್ಟು ದಣಿಗಳು ಈ ದೇಶದಲ್ಲಿ ಎಲ್ಲಿದ್ದಾರೆ?

ಬೊಜ್ಜು ಯಾವುದು ಎಂಬುದಕ್ಕೆ ಡಾಕ್ಟರರಲ್ಲಿ ಸುಲಭ ಅಳತೆ ಉಂಟು. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು. ಐದಡಿ ಐದಂಗುಲದ ಆಳು 68 ಕಿಲೋ ಮೀರಿದರೆ ನಮ್ಮ ದೇಶದವರ ಮಟ್ಟಿಗೆ ಅದು ಬೊಜ್ಜೇ. ಬಿಳಿಯರಿಗೆ ಹಾಕಿದ ಗೆರೆ ನಮಗೆ ಹೊಂದುವುದಿಲ್ಲ. ಅವರಿಗಿಂತ ಕಡಿಮೆ ತೂಕದಲ್ಲೇ ನಮಗೆ ಸಕ್ಕರೆ, ರಕ್ತದ ಒತ್ತಡ ಹಿಡಿಯುತ್ತವೆ.

ಈಗ ಒಬ್ಬ ಸಂಗಾತಿಯ ವಿಷಯ ಹೇಳುತ್ತೇನೆ. ಹೆಸರು ಬೇಡವೆಂದಿದ್ದಾರೆ. ಕುಂದಾಪುರದ ಕಡೆಯವರು, ಫೋರ್ಟಿನ ಒಂದು ಹೊಟೇಲಿನಲ್ಲಿ ಗಲ್ಲಾ ನೋಡುತ್ತಾರೆ. ಎತ್ತರ ಐದಡಿ ಐದಂಗುಲವೇ, ತೂಕ 108 ಕಿಲೋ ಇತ್ತು. ಮೊಣಕಾಲು ಹಿಡಿದು ಸ್ಟೇಷನ್ನಿನ ಮೆಟ್ಟಿಲು ಹತ್ತಲಾರದೆ ನಡುವೆ ಎರಡು ಸಲ ನಿಲ್ಲುತ್ತಿದ್ದರು. ಇಪ್ಪತ್ತೆರಡು ತಿಂಗಳಲ್ಲಿ 76ಕ್ಕೆ ಇಳಿದರು. ಅದಾಗಿ ಮೂರು ವರ್ಷ ಸಂದಿವೆ, 79 ದಾಟಿಲ್ಲ. ಡಾಕ್ಟರರ ಲೆಕ್ಕಕ್ಕೆ ಇನ್ನೂ ಎಂಟು ಕಿಲೋ ಹೆಚ್ಚೇ. ಆದರೆ ಗುಳಿಗೆ ಎರಡಿದ್ದುದು ಒಂದಾಗಿದೆ, ಮೆಟ್ಟಿಲು ಒಂದೇ ದಮ್ಮಿಗೆ ಹತ್ತುತ್ತಾರೆ. ಇದ್ದ ತೂಕದಲ್ಲಿ ನೂರಕ್ಕೆ ಐದರಿಂದ ಹತ್ತು ಪಾಲು ಇಳಿದರೂ ಸಕ್ಕರೆ ಮತ್ತು ರಕ್ತದೊತ್ತಡ ಸುಧಾರಿಸುತ್ತವೆ ಎಂಬುದು ವೈದ್ಯರಿಗೆ ಚೆನ್ನಾಗಿ ಗೊತ್ತಿದ್ದ ಸಂಗತಿ. ಪೂರ್ತಿ ತೆಳ್ಳಗಾಗದಿದ್ದರೆ ಎಲ್ಲ ವ್ಯರ್ಥವೆಂದು ಕೈಬಿಡುವವರು ಇದನ್ನು ನೆನಪಿನಲ್ಲಿಡಬೇಕು.

ಅವರು ಮಾಡಿದ್ದರಲ್ಲಿ ಗುಟ್ಟೇನೂ ಇಲ್ಲ. ಚಹಾ ಮೂರಕ್ಕೆ ಇಳಿಸಿದರು, ಸಕ್ಕರೆ ಬಿಟ್ಟರು. ಕರಿದ ತಿಂಡಿ ವಾರಕ್ಕೊಮ್ಮೆ. ರಾತ್ರಿಯ ಊಟವನ್ನು ಎಂಟು ಗಂಟೆಯ ಮೊದಲು ಮುಗಿಸಿದರು. ಅನ್ನ ಅರ್ಧ, ಪಲ್ಯ ಇಮ್ಮಡಿ, ಜತೆಗೆ ಊರಿನಿಂದ ತರಿಸಿದ ಹುರುಳಿಯ ಸಾರು. ವಿ.ಟಿ.ವರೆಗೆ ಬರುತ್ತಿದ್ದವರು (ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ ಎನ್ನಬೇಕು, ನಾಲಗೆಗೆ ಹಳೆಯದೇ ಬರುತ್ತದೆ) ಒಂದು ಸ್ಟೇಷನ್ ಮೊದಲೇ ಮಸ್ಜಿದ್‌ನಲ್ಲಿ ಇಳಿದು ನಡೆಯತೊಡಗಿದರು. ಮೊದಲ ಆರು ತಿಂಗಳಲ್ಲಿ ಹದಿನೈದು ಕಿಲೋ ಹೋಯಿತು. ಎಲ್ಲರೂ ಬೆನ್ನು ತಟ್ಟಿದರು.

ಆಮೇಲೆ ಎರಡೂವರೆ ತಿಂಗಳು ಮುಳ್ಳು 93ರಿಂದ ಅಲುಗಲಿಲ್ಲ. ಊಟ ಅದೇ, ನಡಿಗೆ ಅದೇ. ಹೆಚ್ಚಿನವರು ಬಿಟ್ಟುಬಿಡುವುದು ಇಲ್ಲಿಯೇ. ಅವರ ನಾಲಗೆಯ ಚಪಲದಿಂದ ಹೀಗಾಯಿತೆಂದು ಹೇಳುವವರಿಗೆ ದೇಹದ ಲೆಕ್ಕ ತಿಳಿಯದು. 108 ಕಿಲೋ ಮೈಯನ್ನು ಮೆಟ್ಟಿಲು ಹತ್ತಿಸಲು ಬೇಕಾದಷ್ಟು ಶಕ್ತಿ 93 ಕಿಲೋ ಮೈಗೆ ಬೇಡ. ಆದುದರಿಂದ ಮೊದಲು ಕಡಿಮೆ ಎನಿಸಿದ ಊಟ ಈಗ ಸರಿಸಮವಾಗುತ್ತದೆ. ಅದಲ್ಲದೆ ಬರಗಾಲ ಬಂತೆಂದು ತಿಳಿದು ದೇಹ ತನ್ನ ಖರ್ಚನ್ನೂ ಬಿಗಿಹಿಡಿಯುತ್ತದೆ, ಹಸಿವನ್ನು ಹೆಚ್ಚಿಸುತ್ತದೆ. ಅಮೆರಿಕದ ಟೆಲಿವಿಷನ್ನಿನಲ್ಲಿ ತೂಕ ಇಳಿಸುವ ಪಂದ್ಯದಲ್ಲಿ ಭಾಗವಹಿಸಿದ 14 ಮಂದಿಯನ್ನು ಆರು ವರ್ಷಗಳ ಮೇಲೆ ಪರೀಕ್ಷಿಸಿ 2016ರಲ್ಲಿ ವರದಿ ಪ್ರಕಟಿಸಿದರು. ಪಂದ್ಯದಲ್ಲಿ ಅವರು ಸರಾಸರಿ 58 ಕಿಲೋ ಇಳಿಸಿದ್ದರು, ಅದರಲ್ಲಿ 41 ಕಿಲೋ ಮರಳಿ ಬಂದಿತ್ತು. ಅವರ ದೇಹಗಳು ನಿರೀಕ್ಷೆಗಿಂತ ದಿನಕ್ಕೆ ಸುಮಾರು 500 ಕ್ಯಾಲರಿ ಕಡಿಮೆ ಸುಡುತ್ತಿದ್ದವು. ಹಣ, ತರಬೇತಿದಾರರು, ಕೀರ್ತಿ ಎಲ್ಲ ಇದ್ದವರ ಪಾಡು ಇದು. ಹೊಟೇಲಿನ ಆಳಿಗೆ ಮನಸ್ಸು ಗಟ್ಟಿಯಿಲ್ಲವೆಂದು ಬಯ್ಯುವವರು ಸ್ವಲ್ಪ ತಡೆಯಲಿ.

ಹಾಗಾದರೆ ಆ ಎರಡೂವರೆ ತಿಂಗಳು ನಮ್ಮ ಸಂಗಾತಿಯನ್ನು ಹಿಡಿದು ನಿಲ್ಲಿಸಿದ್ದು ಯಾವುದು? ಹುಮ್ಮಸ್ಸು ಎಂದು ಕೆಲವರು ಹೇಳುತ್ತಾರೆ. ಹುಮ್ಮಸ್ಸು ಮೊದಲ ತಿಂಗಳಲ್ಲೇ ಇಳಿದಿತ್ತೆಂದು ಅವರೇ ನನ್ನಲ್ಲಿ ಹೇಳಿದ್ದಾರೆ. ಅವರ ಖೋಲಿಯಲ್ಲಿ ಇನ್ನೊಬ್ಬ ಬಂಧು ಇದ್ದರು, ಅಡಿಗೆಯ ಭಟ್ಟರು, 95 ಕಿಲೋ. ಇಬ್ಬರೂ ಸೋಮವಾರ ಬೆಳಿಗ್ಗೆ ತೂಕ ನೋಡಿ ಒಂದೇ ಪಟ್ಟಿಪುಸ್ತಕದಲ್ಲಿ ಬರೆಯುತ್ತಿದ್ದರು. ತೂಕದ ಪಕ್ಕದಲ್ಲಿ ಸೊಂಟದ ಅಳತೆಯನ್ನೂ ಬರೆದರು. ಮುಳ್ಳು ನಿಂತ ಆ ತಿಂಗಳುಗಳಲ್ಲೇ ಸೊಂಟ ಎರಡು ಅಂಗುಲ ಇಳಿದಿತ್ತು! ಒಬ್ಬರು ನಡೆಯಲು ಬೇಸರಿಸಿದ ದಿನ ಇನ್ನೊಬ್ಬರು ಚಪ್ಪಲಿ ಹಾಕಿ ಬಾಗಿಲಲ್ಲಿ ನಿಲ್ಲುತ್ತಿದ್ದರು. ಅಷ್ಟೆ. ಅಮೆರಿಕದಲ್ಲಿ 1994ರಿಂದ ರೀನಾ ವಿಂಗ್, ಜೇಮ್ಸ್ ಹಿಲ್ ಎಂಬ ಇಬ್ಬರು ವಿದ್ವಾಂಸರು ಆರಂಭಿಸಿದ ಒಂದು ದಾಖಲೆ ಉಂಟು. ಕಡಿಮೆಯೆಂದರೆ 13.6 ಕಿಲೋ ಇಳಿಸಿ ವರ್ಷವಾದರೂ ಉಳಿಸಿಕೊಂಡವರು ಅದರಲ್ಲಿದ್ದಾರೆ, ಈಗ ಹತ್ತು ಸಾವಿರಕ್ಕೂ ಮಿಕ್ಕಿ. ಅವರಲ್ಲಿ ಹೆಚ್ಚಿನವರು ವಾರಕ್ಕೊಮ್ಮೆಯಾದರೂ ತೂಕ ನೋಡುವವರು, ಬೆಳಗಿನ ಉಪಾಹಾರ ತಪ್ಪಿಸದವರು, ದಿನಕ್ಕೆ ಸುಮಾರು ಒಂದು ತಾಸು ನಡಿಗೆಯೋ ಬೇರೆ ವ್ಯಾಯಾಮವೋ ಮಾಡುವವರು. ನಮ್ಮ ಇಬ್ಬರು ಆ ದಾಖಲೆಯ ಹೆಸರನ್ನೇ ಕೇಳದೆ ಅದೇ ದಾರಿ ಹಿಡಿದಿದ್ದರು.

ದಾರಿಯಲ್ಲಿ ಕಲ್ಲು ಹಾಕಿದವರೂ ಕಡಿಮೆಯಿಲ್ಲ, ಹೆಚ್ಚಿನವರು ಪ್ರೀತಿಯಿಂದಲೇ ಹಾಕಿದ್ದು. ದಪ್ಪಗಿದ್ದಾಗ "ಗಣಪತಿ" ಎಂದು ಕರೆದ ಜನವೇ ಇಳಿದ ಮೇಲೆ "ಸೀಕಾ? ಎದೆರೋಗವಾ?" ಎಂದು ಕೇಳಿದರು. ಊರಿಗೆ ಹೋದಾಗ ಅಬ್ಬೆ ಕಣ್ಣೀರು ತಂದು, "ಬೊಂಬಾಯಿಯಲ್ಲಿ ನಿಂಗೆ ಊಟ ಹಾಕುದಿಲ್ವಾ ಮಗಾ" ಎಂದರಂತೆ. ಹದಿನೈದು ದಿನ ಕಡುಬು, ಹೋಳಿಗೆ, ಬಂಗುಡೆ. ಮೂರು ಕಿಲೋ ಹೆಚ್ಚಿಸಿಕೊಂಡು ಬಂದರು. ಬಂದ ಸೋಮವಾರವೇ ಅದನ್ನು ಪುಸ್ತಕದಲ್ಲಿ ಬರೆದು ಹಿಂದಿನ ಕ್ರಮಕ್ಕೆ ಹತ್ತಿದರು. ತಾಯಿ ಬಡಿಸಿದ್ದನ್ನು ಉಂಡದ್ದಕ್ಕೆ ಯಾರೂ ಪಶ್ಚಾತ್ತಾಪ ಪಡಬೇಕಾಗಿಲ್ಲ. ಹಾಸ್ಯ ಮಾಡುವ ನಮ್ಮ ಗೆಳೆಯರಿಗೆ ಮಾತ್ರ ನನ್ನದೊಂದು ಕೋರಿಕೆ: ಸಂಘದ ಕೋಣೆಯಲ್ಲಿ ಒಬ್ಬನ ಮೈಯನ್ನು ಆಡಿಕೊಳ್ಳುವುದು ನಿಲ್ಲಬೇಕು. ನಾಚಿಕೆಪಟ್ಟವನು ಡಾಕ್ಟರರ ಬಾಗಿಲಿಗೂ ಹೋಗುವುದಿಲ್ಲ.

ಲೋಕಲ್ ಗಾಡಿಯಲ್ಲಿ ಅಂಟಿಸಿದ ಜಾಹೀರಾತುಗಳ ಬಗ್ಗೆ ಎರಡು ಮಾತು. "ಒಂದು ತಿಂಗಳಲ್ಲಿ ಹತ್ತು ಕಿಲೋ, ಗ್ಯಾರಂಟಿ." ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7700 ಕ್ಯಾಲರಿ ಇರುತ್ತದೆ. ಹತ್ತು ಕಿಲೋ ಕೊಬ್ಬು ಮೂವತ್ತು ದಿನದಲ್ಲಿ ಕರಗಬೇಕಾದರೆ ದಿನಕ್ಕೆ 2500ಕ್ಕೂ ಹೆಚ್ಚು ಕ್ಯಾಲರಿ ಕಡಿತವಾಗಬೇಕು. ಗಲ್ಲಾದಲ್ಲಿ ಕೂರುವವನಿಗೆ ದಿನದ ಪೂರ್ತಿ ಊಟಕ್ಕೇ ಅಷ್ಟು ಬೇಡ! ಪುಡಿಯ ಡಬ್ಬಿಗೆ ಅರ್ಧ ಪಗಾರ ಸುರಿದವರನ್ನು ನಾನು ಬಲ್ಲೆ. ತೀರ ಬೇಗ ಇಳಿಸಿದರೆ ಪಿತ್ತಕೋಶದಲ್ಲಿ ಕಲ್ಲು ಕಟ್ಟುವ ಭಯವೂ ಉಂಟು. ವಾರಕ್ಕೊಮ್ಮೆ ಚುಚ್ಚುವ ಹೊಸ ಇಂಜೆಕ್ಷನ್ನುಗಳು 2025ರಲ್ಲಿ ನಮ್ಮ ದೇಶದ ಪೇಟೆಗೂ ಬಂದವು. ಅವು ಸುಳ್ಳಲ್ಲ, ತೂಕ ಇಳಿಸುತ್ತವೆ. ಆದರೆ ಅಂಥ ಒಂದು ಔಷಧದ ಪರೀಕ್ಷೆಯಲ್ಲಿ, ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದ ತೂಕದ ಮೂರರಲ್ಲಿ ಎರಡು ಪಾಲು ಹಿಂತಿರುಗಿತು. ಬೇಕೋ ಬೇಡವೋ ಎಂಬುದನ್ನು ಡಾಕ್ಟರರು ಹೇಳಲಿ, ಔಷಧದ ಅಂಗಡಿಯ ಹುಡುಗನಲ್ಲ. ಹಾಗೆಯೇ ಸಕ್ಕರೆಗೆ ಇನ್ಸುಲಿನ್ ಅಥವಾ ಗುಳಿಗೆ ತೆಗೆದುಕೊಳ್ಳುವವರು ಯಾರನ್ನೂ ಕೇಳದೆ ಊಟ ಕಡಿಮೆ ಮಾಡಬಾರದು. ಸಕ್ಕರೆ ತಟ್ಟನೆ ಇಳಿದು ಗಲ್ಲಾದಲ್ಲೇ ತಲೆತಿರುಗಿ ಬೀಳುವ ಅಪಾಯವಿದೆ. ಇ.ಎಸ್.ಐ. ಕಾರ್ಡು ಇದ್ದವರು ಅದನ್ನು ಪೆಟ್ಟಿಗೆಯಲ್ಲಿಡದೆ ಆಸ್ಪತ್ರೆಗೆ ಒಯ್ಯಲಿ.

ಇಷ್ಟು ಹೇಳಿದ ಮೇಲೆ ಮಾಲಕರ ಕಡೆಗೆ ತಿರುಗದಿದ್ದರೆ ಮಾತು ಅರ್ಧವಾಗುತ್ತದೆ. ನಮ್ಮ ಸಂಗಾತಿ ಎಂಟು ಗಂಟೆಯ ಮೊದಲು ಉಣ್ಣಲು ಸಾಧ್ಯವಾದುದು ಅವರ ಮಾಲಕರು ಏಳೂವರೆಗೆ ಇಪ್ಪತ್ತು ನಿಮಿಷ ಗಲ್ಲಾಕ್ಕೆ ಬೇರೆ ಆಳನ್ನು ಕೊಟ್ಟುದರಿಂದ. ಅದೇ ರಸ್ತೆಯ ಇನ್ನೊಂದು ಹೊಟೇಲಿನಲ್ಲಿ ಕೇಳಿದವನಿಗೆ ಸಿಕ್ಕಿದ್ದು ಬಯ್ಗಳು. ಊಟ ಕೊಡುತ್ತೇವೆಂದು ಪಗಾರದಲ್ಲಿ ಲೆಕ್ಕ ಹಿಡಿಯುವ ಮಾಲಕರು ಆಳುಗಳ ಊಟವೆಂದು ಮಿಕ್ಕಿದ ಬಟಾಟೆ ವಡೆಯನ್ನು ಮುಂದಿಟ್ಟರೆ ಅದು ಊಟವೆ? ಬೇಳೆ, ಪಲ್ಯ, ಮಜ್ಜಿಗೆ ಕೇಳುವುದು ಭಿಕ್ಷೆಯಲ್ಲ. ನಿದ್ರೆಯ ಮಾತೂ ಇದಕ್ಕೆ ಸೇರಿದ್ದೇ. 2004ರಲ್ಲಿ ಷಿಕಾಗೊದಲ್ಲಿ 12 ಮಂದಿ ಆರೋಗ್ಯವಂತ ಯುವಕರಿಗೆ ಎರಡು ರಾತ್ರಿ ನಾಲ್ಕೇ ತಾಸು ನಿದ್ರೆ ಕೊಟ್ಟು ನೋಡಿದಾಗ ಹೊಟ್ಟೆ ತುಂಬಿತೆಂದು ತಿಳಿಸುವ ರಸ ನೂರಕ್ಕೆ 18 ಇಳಿದಿತ್ತು, ಹಸಿವು ಹುಟ್ಟಿಸುವ ರಸ 28 ಏರಿತ್ತು. ನಮ್ಮಲ್ಲಿ ಎರಡು ರಾತ್ರಿಯಲ್ಲ, ವರ್ಷಗಟ್ಟಲೆ ಹಾಗೆಯೇ. ಹನ್ನೆರಡೂವರೆಗೆ ಮಲಗಿ ಐದಕ್ಕೆ ಒಲೆ ಹೊತ್ತಿಸುವವನ ಹಸಿವು ಅವನ ಕೈಯಲ್ಲಿಲ್ಲ. ಕೆಲಸದ ತಾಸಿಗಾಗಿ, ವಾರದ ರಜೆಗಾಗಿ ನಾವು ಜಗಳವಾಡುವಾಗ ಈ ಲೆಕ್ಕವನ್ನೂ ಮುಂದಿಡಬೇಕೆಂದು ನನ್ನ ಅಭಿಪ್ರಾಯ. ಪಗಾರದ ಮಾತು ಬಿಟ್ಟೆನೆಂದು ದೂರಿದ ಬಂಧುವಿಗೆ ನನ್ನ ಉತ್ತರ ಇದೇ.

ಇನ್ನು ಕೆಲವರು ಎದುರು ತುದಿಗೆ ಹೋಗುತ್ತಾರೆ. ಮೊದಲು ಮಾಲಕ ಬದಲಾಗಲಿ, ಆಮೇಲೆ ನೋಡೋಣ ಎನ್ನುತ್ತಾರೆ. ಒಪ್ಪಲಾರೆ. ಚಹಾಕ್ಕೆ ಸಕ್ಕರೆ ಹಾಕುವ ಚಮಚೆ ಮಾಲಕನ ಕೈಯಲ್ಲಿಲ್ಲ.

ತೂಕದ ಯಂತ್ರದ ಠರಾವು ಮುಂದಿನ ಕಾರ್ಯಕಾರಿ ಸಮಿತಿಗೆ ಬರಲಿದೆ. ಒಪ್ಪಿಗೆಯಾದರೆ ಅದನ್ನು ಎಲ್ಲರೂ ಕೂರುವ ಹೊರಗಿನ ಕೋಣೆಯಲ್ಲಿ ಇಡಬಾರದು, ಒಳಗಿನ ವಾಚನಾಲಯದ ಮೂಲೆಯಲ್ಲಿ ಇಡಬೇಕು. ಜತೆಗೊಂದು ಅಳತೆಪಟ್ಟಿ, ಒಬ್ಬೊಬ್ಬರಿಗೆ ಒಂದೊಂದು ಪುಸ್ತಕ. ಸೋಮವಾರ ಬೆಳಿಗ್ಗೆ ಆರರಿಂದ ಏಳರವರೆಗೆ ನಾನೇ ಬಾಗಿಲು ತೆರೆಯುತ್ತೇನೆ. ರಾತ್ರಿ ಪಾಳಿ ಮುಗಿಸಿ ಬರುವ ವಾಚ್‌ಮನ್ ಬಂಧುಗಳಿಗೆ ಆ ಹೊತ್ತು ಆಗುವುದಿಲ್ಲವಾದರೆ ಎಂಟರ ತನಕ ಕಾಯಲು ಅಡ್ಡಿಯಿಲ್ಲ, ಮೊದಲೇ ತಿಳಿಸಬೇಕು.